ಒಂದು ಲೆಕ್ಕ, ಹಲವು ವಹಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಲಿದೆ. ಹೊಲ ಕೊಂಡು, ಮುದ್ರಾಂಕ ಶುಲ್ಕ ತುಂಬಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರವನ್ನು ನೋಂದಾಯಿಸಿಕೊಂಡು ಬಂದಿದ್ದೇವೆ, ಆದರೆ ಪಹಣಿ ತೆಗೆಸಿ ನೋಡಿದರೆ ಅಲ್ಲಿ ಇನ್ನೂ ಮಾರಿದವರ ಹೆಸರೇ ಇದೆ, ಹೀಗೇಕೆ ಎಂದು ಒಬ್ಬರು ಕೇಳುತ್ತಾರೆ. ಬ್ಯಾಂಕಿನ ಸಾಲವನ್ನು ಬಡ್ಡಿಸಹಿತ ತೀರಿಸಿ ರಸೀದಿ ಪಡೆದರೂ ಪಹಣಿಯ ಹನ್ನೊಂದನೆಯ ಕಾಲಮಿನಲ್ಲಿ ಬೋಜಾ ಹಾಗೆಯೇ ಉಳಿದಿದೆಯಲ್ಲ ಎಂದು ಇನ್ನೊಬ್ಬರ ಅಳಲು. ಯಜಮಾನರು ಲಿಂಗೈಕ್ಯರಾದ ಮೇಲೆ ಪಡಿತರ ಚೀಟಿಯಿಂದ ಅವರ ಹೆಸರು ಹೋಯಿತು, ಆದರೆ ಬ್ಯಾಂಕಿನಿಂದ ಅವರ ಹೆಸರಿಗೆ ಪತ್ರಗಳು ಬರುತ್ತಲೇ ಇವೆ, ಹೊಲವೂ ಅವರ ಹೆಸರಿನಲ್ಲಿಯೇ ಇದೆ ಎಂದು ಬರೆದ ತಾಯಂದಿರೂ ಇದ್ದಾರೆ. ಎಲ್ಲ ಕಡೆಯೂ ಗಣಕಯಂತ್ರ ಬಂದಿದೆಯಷ್ಟೆ, ಒಂದು ಕಡೆ ಬರೆದದ್ದು ಇನ್ನೊಂದು ಕಡೆಗೆ ತಾನಾಗಿ ಏಕೆ ತಿಳಿಯುವುದಿಲ್ಲ ಎಂಬುದೇ ಈ ಎಲ್ಲ ಪತ್ರಗಳ ತಿರುಳು.

ಸರ್ಕಾರ ಒಂದೇ ಆದರೂ ಅದರ ವಹಿಗಳು ಹಲವು. ನೋಂದಣಿ ಇಲಾಖೆಯದೊಂದು, ಕಂದಾಯ ಇಲಾಖೆಯದೊಂದು, ಭೂಮಾಪನದ್ದೊಂದು, ಆಹಾರ ಇಲಾಖೆಯದೊಂದು, ಜನನ ಮರಣದ್ದೊಂದು. ಇವುಗಳ ಹೊರಗೆ ಬ್ಯಾಂಕುಗಳ ವಹಿಗಳು. ಪ್ರತಿಯೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ, ಬೇರೆ ಬೇರೆ ತಜ್ಞರು ಕಟ್ಟಿದ ದತ್ತಸಂಚಯ. ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ ಡೇಟಾಬೇಸ್. ಒಂದು ದತ್ತಸಂಚಯದಲ್ಲಿ ಆದ ಬದಲಾವಣೆಯನ್ನು ಇನ್ನೊಂದಕ್ಕೆ ತಪ್ಪದೆ, ಕ್ರಮಗೆಡದೆ ಮುಟ್ಟಿಸುವುದೇ ಒಂದು ಪ್ರತ್ಯೇಕ ಶಾಸ್ತ್ರ. ದೊಡ್ಡ ಸಂಸ್ಥೆಗಳು ಇದಕ್ಕಾಗಿ ಅಪಾರ ಹಣವನ್ನೂ ಬುದ್ಧಿಯನ್ನೂ ವೆಚ್ಚ ಮಾಡುತ್ತವೆ. ನಮ್ಮ ಹೊಲ, ಮನೆ, ಠೇವಣಿಗಳ ಭವಿಷ್ಯ ಈ ಶಾಸ್ತ್ರದ ಮೇಲೆ ನಿಂತಿರುವುದರಿಂದ ಇದರ ಸ್ಥೂಲ ಪರಿಚಯ ಪ್ರತಿ ಮನೆಗೂ ಅಗತ್ಯವೆಂದು ನಮ್ಮ ಭಾವನೆ.

ವ್ಯಾಪಾರದ ಮನೆತನಗಳಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಂಗಡಿಯಲ್ಲಿ ಕಿರ್ದಿ ಬೇರೆ, ಖತಾವಣಿ ಬೇರೆ. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿಗೆ ಏರುತ್ತದೆ. ಆಮೇಲೆ ಅದರಿಂದ ಪ್ರತಿ ಗಿರಾಕಿಯ ಹೆಸರಿಗೆ ಖತಾವಣಿಯಲ್ಲಿ ಖರ್ಚು ಜಮೆ ಬೀಳುತ್ತದೆ. ಖತಾವಣಿ ಕೆಟ್ಟರೂ ಕಿರ್ದಿ ಇದ್ದರೆ ಅದನ್ನು ಮತ್ತೆ ಕಟ್ಟಬಹುದು. ಕಿರ್ದಿ ಕಳೆದರೆ ಮಾತ್ರ ಲೆಕ್ಕವೇ ಕಳೆದಂತೆ. ಗಣಕಯಂತ್ರದ ದತ್ತಸಂಚಯವೂ ಇದೇ ಶಿಸ್ತನ್ನು ಪಾಲಿಸುತ್ತದೆ. ಯಾವುದೇ ಬದಲಾವಣೆಯನ್ನು ಅದು ಮೊದಲು 'ಲಾಗ್' ಎಂಬ ತನ್ನ ಕಿರ್ದಿಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದುಕೊಳ್ಳುತ್ತದೆ. ಕೋಷ್ಟಕಗಳಲ್ಲಿ, ಎಂದರೆ ಖತಾವಣಿಯಲ್ಲಿ, ಅದು ನೆಲೆಗೊಳ್ಳುವುದು ಅನಂತರ. ವಿದ್ಯುತ್ತು ನಡುವೆ ಹೋದರೂ ಯಂತ್ರ ಎದ್ದ ಕೂಡಲೆ ಕಿರ್ದಿಯನ್ನು ಓದಿ ಅರ್ಧಕ್ಕೆ ನಿಂತುದನ್ನು ಪೂರ್ಣಗೊಳಿಸುತ್ತದೆ, ಇಲ್ಲವೆ ರದ್ದು ಮಾಡುತ್ತದೆ.

ಇನ್ನು ಈ ಅಂಗಡಿಗೆ ಬೇರೆ ಊರಿನಲ್ಲಿ ಒಂದು ಶಾಖೆ ಇದೆ, ಅಲ್ಲಿಯೂ ಇದೇ ಲೆಕ್ಕ ಇರಬೇಕು ಎನ್ನಿ. ಪ್ರತಿದಿನ ಇಡೀ ಖತಾವಣಿಯನ್ನು ನಕಲು ಮಾಡಿ ಕಳಿಸುವುದು ಮೂರ್ಖತನ. ಕಿರ್ದಿಯ ಹೊಸ ಸಾಲುಗಳನ್ನು ಮಾತ್ರ ಕಳಿಸಿದರೆ ಸಾಕು, ಅಲ್ಲಿಯ ಗುಮಾಸ್ತರು ಅವನ್ನು ತಮ್ಮ ಖತಾವಣಿಗೆ ಏರಿಸಿಕೊಳ್ಳುತ್ತಾರೆ. ಎಲ್ಲಿಯವರೆಗೆ ಏರಿಸಿದ್ದೇವೆ ಎಂಬ ಕ್ರಮಸಂಖ್ಯೆಯನ್ನು ಗುರುತು ಹಾಕಿಟ್ಟುಕೊಂಡರೆ, ಮಳೆ ಬಂದು ನಾಲ್ಕು ದಿನ ಟಪಾಲು ತಪ್ಪಿದರೂ ಐದನೆಯ ದಿನ ಅಲ್ಲಿಂದಲೇ ಮುಂದುವರಿಯಬಹುದು. ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ತಮ್ಮ ದತ್ತಸಂಚಯಗಳ ನಡುವೆ ನಡೆಸುವ 'ರೆಪ್ಲಿಕೇಶನ್' ಎಂಬ ಕಾರ್ಯದ ಮುಖ್ಯ ವಿಧಾನ ಇದೇ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಗೋಲ್ಡನ್‌ಗೇಟ್ ಎಂಬ ಸಂಸ್ಥೆ ಹಣ ಕೊಡುವ ಎಟಿಎಂ ಯಂತ್ರಗಳ ಜಾಲಕ್ಕಾಗಿ ಇಂಥ ಕಿರ್ದಿ ಸಾಗಿಸುವ ತಂತ್ರಾಂಶವನ್ನು ಬೆಳೆಸಿತು. 2009ರಲ್ಲಿ ಒರಾಕಲ್ ಕಂಪನಿ ಅದನ್ನು ಕೊಂಡುಕೊಂಡಿತು. ಒಂದು ಕಂಪನಿಯ ದತ್ತಸಂಚಯದ ಕಿರ್ದಿಯನ್ನು ಓದಿ ಇನ್ನೊಂದು ಕಂಪನಿಯ ದತ್ತಸಂಚಯಕ್ಕೆ ಅರ್ಥವಾಗುವಂತೆ ಬರೆಯುವುದು ಅದರ ಹೆಚ್ಚುಗಾರಿಕೆ. ಮೋಡಿಯಲ್ಲಿ ಬರೆದ ವಹಿಯನ್ನು ಕನ್ನಡದ ವಹಿಗೆ ಇಳಿಸಿಕೊಡುವ ಗುಮಾಸ್ತರಿದ್ದ ಹಾಗೆ ಎಂದರೆ ಉತ್ತರ ಕರ್ನಾಟಕದ ಹಿರಿಯರಿಗೆ ತಟ್ಟನೆ ಹೊಳೆಯುವುದು.

ಇಲ್ಲೊಂದು ಸೂಕ್ಷ್ಮವಿದೆ. ನಕಲು ಆಗುವವರೆಗೆ ಕಾಯಬೇಕೋ, ಕಾಯಬಾರದೋ?

ಕಾಯುವ ಕ್ರಮವನ್ನು ನಮ್ಮ ಮನೆಗಳ ನಿಶ್ಚಯ ಕಾರ್ಯಕ್ಕೆ ಹೋಲಿಸಬಹುದು. ನಡುವಿನ ಹಿರಿಯರು ಮೊದಲು ಗಂಡಿನ ಕಡೆಯವರನ್ನು ಕೇಳುತ್ತಾರೆ, ಆಮೇಲೆ ಹೆಣ್ಣಿನ ಕಡೆಯವರನ್ನು. ಎರಡೂ ಕಡೆಯವರು ಸಮ್ಮತಿಸಿದ ಮೇಲೆಯೇ ವೀಳ್ಯ ಬದಲಾಗುತ್ತದೆ. ಒಬ್ಬರು ಹಿಂಜರಿದರೂ ಯಾರಿಗೂ ಬಂಧನವಿಲ್ಲ. ಗಣಕಶಾಸ್ತ್ರದಲ್ಲಿ ಇದನ್ನು ಎರಡು ಹಂತದ ಒಪ್ಪಿಗೆ ಎನ್ನುತ್ತಾರೆ. ಎಲ್ಲ ಕಡೆಯ ಯಂತ್ರಗಳೂ 'ಸಿದ್ಧ' ಎಂದ ಮೇಲೆಯೇ ವ್ಯವಹಾರ ಊರ್ಜಿತವಾಗುತ್ತದೆ. ಇದರಿಂದ ಲೆಕ್ಕ ಎಂದೂ ಎರಡಾಗದು. ಆದರೆ ಕಾಯಬೇಕಾಗುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗಬಲ್ಲದಾದ್ದರಿಂದ, 1,000 ಕಿಲೋಮೀಟರ್ ದೂರದ ಊರಿಗೆ ಹೋಗಿ ಮರಳಲು ಸೆಕೆಂಡಿನ ನೂರನೆಯ ಒಂದು ಭಾಗವಾದರೂ ಬೇಕು. ನಮಗೆ ಇದು ಏನೂ ಅಲ್ಲ. ಸೆಕೆಂಡಿಗೆ ಸಾವಿರಾರು ವ್ಯವಹಾರ ನಡೆಸುವ ಬ್ಯಾಂಕಿಗೆ ಇದು ದೊಡ್ಡ ತಡೆ. ಅಲ್ಲದೆ ಒಂದು ಕಡೆಯ ಯಂತ್ರ ಮೂರ್ಛೆ ಹೋದರೆ ಇನ್ನೊಂದು ಕಡೆಯದೂ ಕೈಕಟ್ಟಿ ಕೂಡಬೇಕು.

ಕಾಯದ ಕ್ರಮದಲ್ಲಿ ಇಲ್ಲಿಯ ಕೆಲಸ ಇಲ್ಲಿ ಮುಗಿಯುತ್ತದೆ, ನಕಲು ಹಿಂದಿನಿಂದ ಹೋಗುತ್ತದೆ. ವೇಗಕ್ಕೆ ಕೊರತೆಯಿಲ್ಲ. ಆದರೆ ಮೂಲದಲ್ಲಿ ಆದದ್ದು ನಕಲಿನಲ್ಲಿ ಕಾಣುವ ತನಕದ ಆ ಅಂತರದಲ್ಲಿ ಎರಡು ಸತ್ಯಗಳು ಇರುತ್ತವೆ. ಅಂತರ ಒಂದು ಸೆಕೆಂಡಿನದಾದರೆ ಯಾರಿಗೂ ತಿಳಿಯದು. ಒಂದು ತಿಂಗಳಿನದಾದರೆ ಅದರೊಳಗೆ ಒಂದು ಸಂಸಾರ ಮುಳುಗಬಹುದು.

ಅದಕ್ಕಾಗಿಯೇ ಬ್ಯಾಂಕುಗಳು ಸಾಮಾನ್ಯವಾಗಿ ಎರಡನ್ನೂ ಬೆರೆಸುತ್ತವೆ. ಹತ್ತಿರದ ಒಂದು ಕೇಂದ್ರದಲ್ಲಿ ಕಾಯುವ ನಕಲು, ಭೂಕಂಪ ಪ್ರವಾಹಗಳು ಒಂದೇ ಸಲಕ್ಕೆ ಎರಡನ್ನೂ ತಟ್ಟದಷ್ಟು ದೂರದ ಇನ್ನೊಂದು ಊರಿನಲ್ಲಿ ಕಾಯದ ನಕಲು. ದೂರದ ನಕಲಿನ ಬೆಲೆ ಜಗತ್ತಿಗೆ ತಿಳಿದದ್ದು ದುಃಖದ ದಿನವೊಂದರಲ್ಲಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ ಮೇಲೆ ದಾಳಿ ನಡೆದಾಗ ಉತ್ತರ ಗೋಪುರದ 101ರಿಂದ 105ನೆಯ ಅಂತಸ್ತುಗಳಲ್ಲಿದ್ದ ಕ್ಯಾಂಟರ್ ಫಿಟ್ಜೆರಾಲ್ಡ್ ಎಂಬ ಹಣಕಾಸು ಸಂಸ್ಥೆ ತನ್ನ 658 ನೌಕರರನ್ನು ಕಳೆದುಕೊಂಡಿತು. ನದಿಯಾಚೆಯ ನ್ಯೂಜೆರ್ಸಿಯಲ್ಲಿ ಅದರ ಲೆಕ್ಕಗಳ ಇನ್ನೊಂದು ಪ್ರತಿ ಇದ್ದುದರಿಂದ ಎರಡು ದಿನಗಳಲ್ಲಿ ವ್ಯವಹಾರ ಮತ್ತೆ ಆರಂಭವಾಯಿತು. ಹೋದ ಜೀವಗಳಿಗೆ ಯಾವ ನಕಲೂ ಇಲ್ಲ. ಆದರೆ ಉಳಿದ ಸಂಸಾರಗಳಿಗೆ ನೆರವಾಗಲು ಆ ಸಂಸ್ಥೆ ಉಳಿದದ್ದು ಆ ಪ್ರತಿಯಿಂದಲೇ.

ಇನ್ನು ಮುಖ್ಯವಾದ ತೊಡಕಿಗೆ ಬರೋಣ. ಒಂದೇ ಲೆಕ್ಕವನ್ನು ಹಲವು ಕಡೆ ಇಡುವುದು ಒಂದು ಮಾತು, ಹಲವು ಕಡೆಯಿಂದ ತಿದ್ದಲು ಬಿಡುವುದು ಬೇರೆಯೇ ಮಾತು. ಅಮೆರಿಕದ ಜಿಮ್ ಗ್ರೇ ಎಂಬ ವಿದ್ವಾಂಸರು ಗಣಕಯಂತ್ರದ ವ್ಯವಹಾರಗಳ ವಿಷಯದಲ್ಲಿ ಜೀವಮಾನವೆಲ್ಲ ದುಡಿದು 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅವರು ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಲೆಕ್ಕ ಮಾಡಿ ತೋರಿಸಿದರು. ಎಲ್ಲ ಯಂತ್ರಗಳೂ ಎಲ್ಲ ಪ್ರತಿಗಳನ್ನೂ ಒಡನೆಯೇ ತಿದ್ದುವ ಏರ್ಪಾಟಿನಲ್ಲಿ ಯಂತ್ರಗಳ ಸಂಖ್ಯೆ ಹತ್ತು ಪಟ್ಟಾದರೆ, ಒಂದರ ಕೈ ಇನ್ನೊಂದು ಹಿಡಿದು ಎರಡೂ ನಿಂತುಬಿಡುವ ಸಿಕ್ಕುಗಳು ಸಾವಿರ ಪಟ್ಟಾಗುತ್ತವೆ. ಪರಿಹಾರವಾಗಿ ಅವರು ಸೂಚಿಸಿದ ಮಾರ್ಗದಲ್ಲಿ ಪ್ರತಿಯೊಂದು ದಾಖಲೆಗೂ ಒಬ್ಬ ಒಡೆಯನಿರುತ್ತಾನೆ. ಉಳಿದವರು ಸೂಚನೆ ಕಳಿಸಬಹುದು, ಊರ್ಜಿತ ಮಾಡುವ ಅಧಿಕಾರ ಒಡೆಯನ ಪ್ರತಿಗೆ ಮಾತ್ರ. ಅವಿಭಕ್ತ ಕುಟುಂಬಗಳಲ್ಲಿ ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲಿಯೇ ಇರುತ್ತಿತ್ತೆಂಬುದನ್ನು ನೆನೆದರೆ ಇದರ ಔಚಿತ್ಯ ತಿಳಿಯುತ್ತದೆ. (2007ರ ಜನವರಿಯಲ್ಲಿ ಈ ಮಹನೀಯರು ಒಬ್ಬರೇ ಹಾಯಿದೋಣಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸಮುದ್ರಕ್ಕೆ ಹೋದವರು ಹಿಂದಿರುಗಲಿಲ್ಲ.)

ಒಡೆಯನಿಲ್ಲದ ಪ್ರತಿಗಳ ಗತಿ ಏನಾಗುತ್ತದೆಂಬುದು ನಮ್ಮ ಸಮಾಜಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯ ಬಳಿಕ ವಚನಗಳು ನಾಡಿನ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳಾಗಿ ಚದುರಿ ಉಳಿದವು. ಪ್ರತಿಗಳು ಹಲವಾಗಿದ್ದುದರಿಂದಲೇ ಕೆಲವು ಗೆದ್ದಲಿಗೆ, ಕೆಲವು ಬೆಂಕಿಗೆ ಹೋದರೂ ಸಾಹಿತ್ಯ ಉಳಿಯಿತು. ಆದರೆ ಲಿಪಿಕಾರರು ಶತಮಾನಗಳ ಕಾಲ ಪ್ರತಿಯಿಂದ ಪ್ರತಿ ಮಾಡುತ್ತ ಬಂದಾಗ ಪಾಠಭೇದಗಳು ಹುಟ್ಟಿಕೊಂಡವು. ಒಂದು ಕಟ್ಟಿನಲ್ಲಿ ಒಬ್ಬ ಶರಣರ ಅಂಕಿತವಿರುವ ವಚನ ಇನ್ನೊಂದರಲ್ಲಿ ಬೇರೊಬ್ಬರ ಅಂಕಿತ ಹೊತ್ತು ಬಂದಿತು. ಶೂನ್ಯಸಂಪಾದನೆಯಂತೂ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರ ಕೈಯಲ್ಲಿ ನಾಲ್ಕು ಪರಿಷ್ಕರಣಗಳನ್ನೇ ಕಂಡಿತು. 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗವನ್ನು ಹೊರತಂದ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದ ಫ. ಗು. ಹಳಕಟ್ಟಿಯವರಿಂದ ಹಿಡಿದು, 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟವಾದ ಸಮಗ್ರ ವಚನ ಸಾಹಿತ್ಯದ ಸಂಪಾದಕರವರೆಗೆ ಎಲ್ಲರೂ ಪ್ರತಿ ಪ್ರತಿಗಳನ್ನು ಎದುರುಬದುರು ಇಟ್ಟು ತೂಗಿ ನೋಡಬೇಕಾಯಿತು.

ಗಣಕಯಂತ್ರಕ್ಕೆ ಆ ವಿವೇಕವಿಲ್ಲ. ಎರಡು ಪ್ರತಿಗಳಲ್ಲಿ ಭಿನ್ನತೆ ಕಂಡಾಗ ಅದು ಸಾಮಾನ್ಯವಾಗಿ ಅನುಸರಿಸುವ ನಿಯಮ, ಕೊನೆಗೆ ಬರೆದವರದೇ ಸರಿ ಎಂಬುದು. ವಚನಗಳಿಗೆ ಈ ನಿಯಮ ಹಾಕಿದ್ದರೆ ಏನಾಗುತ್ತಿತ್ತೆಂದು ಓದುಗರೇ ಊಹಿಸಿಕೊಳ್ಳಬಹುದು. ಹೊಲದ ಹಕ್ಕಿಗೆ ಹಾಕಿದರೂ ಅಷ್ಟೇ ಅನಾಹುತ.

ಈಗ ಪಹಣಿಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಮೊದಲು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ವಹಿಗಳಲ್ಲಿದ್ದ ಪಹಣಿಗಳನ್ನು 'ಭೂಮಿ' ಯೋಜನೆಯಲ್ಲಿ ಗಣಕಯಂತ್ರಕ್ಕೆ ಏರಿಸಲಾಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಹೀಗೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಆಗ ಆಯಾ ತಾಲ್ಲೂಕಿನ ದತ್ತಸಂಚಯ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಎಲ್ಲವೂ ಸೇರಿದ್ದು ಆಮೇಲೆ. ಇತ್ತ ನೋಂದಣಿ ಇಲಾಖೆಯಲ್ಲಿ 'ಕಾವೇರಿ' ಎಂಬ ಬೇರೆ ತಂತ್ರಾಂಶ ಬಂದಿತು. ಭೂಮಿಯದು ಕಂದಾಯದ ವಹಿ, ಕಾವೇರಿಯದು ಕ್ರಯಪತ್ರಗಳ ವಹಿ. ಇವೆರಡರ ನಡುವಿನ ಸೇತುವೆ 'ಜೆ-ಸ್ಲಿಪ್' ಎಂಬ ಒಂದು ಚೀಟಿ. ಇಂಥ ಸರ್ವೆ ನಂಬರಿನ ಜಮೀನು ಇಂಥವರಿಂದ ಇಂಥವರಿಗೆ ಮಾರಾಟವಾಗಿದೆ ಎಂದು ಉಪನೋಂದಣಾಧಿಕಾರಿಗಳು ತಹಸೀಲ್ದಾರರಿಗೆ ತಿಳಿಸುವ ಚೀಟಿ ಅದು.

ಚೀಟಿ ಕಾಗದದ ರೂಪದಲ್ಲಿ ಹೋಗುತ್ತಿದ್ದ ಕಾಲದಲ್ಲಿ ಅದು ತಲುಪಿದರೆ ತಲುಪಿತು, ಇಲ್ಲವಾದರೆ ಇಲ್ಲ. ಅದರ ದುಷ್ಪರಿಣಾಮ ಬಹಳ ಸಂಸಾರಗಳಿಗೆ ಗೊತ್ತು. ಪಹಣಿಯಲ್ಲಿ ಹಳೆಯ ಹೆಸರೇ ಇರುವಾಗ ಅದನ್ನೇ ತೋರಿಸಿ ಅದೇ ಹೊಲವನ್ನು ಇನ್ನೊಬ್ಬರಿಗೆ ಮಾರುವುದು, ಇಲ್ಲವೆ ಅದರ ಮೇಲೆ ಸಾಲ ಎತ್ತುವುದು ಸಾಧ್ಯವಿತ್ತು. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಎರಡು ಎಕರೆ ಕೊಂಡವರು ಕೋರ್ಟಿನ ಮೆಟ್ಟಿಲಲ್ಲಿ ಮುದುಕರಾದ ಉದಾಹರಣೆಗಳು ಯಾವ ತಾಲ್ಲೂಕಿನಲ್ಲಿಲ್ಲ? ನಾವು ಮೇಲೆ ಹೇಳಿದ 'ಎರಡು ಸತ್ಯಗಳ ಅಂತರ'ವೆಂದರೆ ಇದೇ. ಕಾವೇರಿ ಮತ್ತು ಭೂಮಿ ಬೆಸೆದ ಮೇಲೆ ಜೆ-ಸ್ಲಿಪ್ ಯಂತ್ರದಿಂದ ಯಂತ್ರಕ್ಕೆ ಹೋಗುತ್ತದೆ; ಮಾರುವವರ ಹೆಸರು ಪಹಣಿಯಲ್ಲಿದೆಯೇ ಎಂಬುದನ್ನೂ ನೋಂದಣಿಗೆ ಮೊದಲೇ ತಾಳೆ ನೋಡಲಾಗುತ್ತದೆ. ಆದರೂ ಚೀಟಿ ಬಂದೊಡನೆ ಪಹಣಿಯಲ್ಲಿ ಹೆಸರು ಬದಲಾಗದು. ಕಾನೂನಿನ ಪ್ರಕಾರ ಹಕ್ಕು ಬದಲಾವಣೆಗೆ ತಕರಾರು ಕರೆಯಬೇಕು. ಮೂವತ್ತು ದಿನಗಳ ಈ ಅವಧಿಯನ್ನು ಈಚೆಗೆ ನೋಂದಾಯಿತ ವ್ಯವಹಾರಗಳಿಗೆ ಕಡಿಮೆ ಮಾಡಲಾಗಿದೆ. ಇದನ್ನು ಕೆಲವರು ಸರ್ಕಾರದ ವಿಳಂಬವೆಂದು ದೂರುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ತಂದೆಯ ಆಸ್ತಿಯನ್ನು ಒಬ್ಬ ಮಗ ಗುಟ್ಟಾಗಿ ಮಾರಿದಾಗ ಉಳಿದವರಿಗೆ ಬಾಯಿ ಬಿಡಲು ದೊರೆಯುವ ಅವಕಾಶ ಅದೊಂದೇ. ಯಂತ್ರ ಎಷ್ಟೇ ವೇಗವಾಗಿ ನಕಲಿಸಬಲ್ಲದಾದರೂ ಇಲ್ಲಿ ತಡೆ ಬೇಕಾದದ್ದೇ.

ಬೋಜಾದ ವಿಷಯವೂ ಇಂಥದೇ. ಸಾಲ ತೀರಿದ್ದು ಬ್ಯಾಂಕಿನ ವಹಿಯಲ್ಲಿ, ಋಣ ನಮೂದಾಗಿರುವುದು ಪಹಣಿಯಲ್ಲಿ. ಸೂಚನೆ ಹೋಗದಿದ್ದರೆ ಪಹಣಿಗೆ ತಿಳಿಯುವ ದಾರಿಯಿಲ್ಲ. ಸಾಲ ಕೊಡುವಾಗ ಋಣ ಏರಿಸಲು ಇರುವ ಆತುರ, ತೀರಿದಾಗ ಇಳಿಸಲು ಇರುವುದಿಲ್ಲವೆಂಬುದು ಮಾತ್ರ ಯಂತ್ರದ ದೋಷವಲ್ಲ.

ಸೂಚನೆ ತಲುಪಿದರೂ ಅದು ಅರ್ಥವಾಗಬೇಕಲ್ಲ! ಇಲ್ಲಿ ನಮ್ಮ ಹೆಸರುಗಳೇ ದೊಡ್ಡ ಸಮಸ್ಯೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ಊರಿನಲ್ಲಿ, ಒಂದೇ ಮನೆತನದಲ್ಲಿ ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ ಎಂದು ತಲೆಮಾರುಗಳು ಸುತ್ತುತ್ತವೆ. ಪಹಣಿಯಲ್ಲಿ ಬಸಪ್ಪ, ಆಧಾರದಲ್ಲಿ ಬಸವಪ್ಪ, ಬ್ಯಾಂಕಿನಲ್ಲಿ ಬಸವರಾಜ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಬ್ಯಾಂಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಹೆಸರನ್ನು ಮತ್ತೆ ಕನ್ನಡಕ್ಕೆ ತಂದಾಗ ಲಕಾರ ಳಕಾರಗಳ, ನಕಾರ ಣಕಾರಗಳ, ಹ್ರಸ್ವ ದೀರ್ಘಗಳ ಭೇದ ಅಳಿಸಿಹೋಗಿರುತ್ತದೆ. ಮಾಳಪ್ಪನವರು ಮಲಪ್ಪನಾಗಿ ಹಿಂದಿರುಗುತ್ತಾರೆ. ಕನ್ನಡದಲ್ಲಿಯೇ ಬರೆದರೂ ಬಹುಕಾಲ ನಿರಾಳವಿರಲಿಲ್ಲ. ಒಂದೊಂದು ತಂತ್ರಾಂಶ ಒಂದೊಂದು ಸಂಕೇತದಲ್ಲಿ ಅಕ್ಷರಗಳನ್ನು ಇಡುತ್ತಿದ್ದುದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಚಿತ್ತಾರವಾಗುತ್ತಿತ್ತು. ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿರುವ ಯೂನಿಕೋಡ್ ಶಿಷ್ಟತೆ ಬಳಕೆಗೆ ಬಂದ ಮೇಲೆ ಈ ಕಷ್ಟ ಬಹುಮಟ್ಟಿಗೆ ತಗ್ಗಿದೆ.

ಅಳತೆಯದು ಇನ್ನೊಂದು ಕಥೆ. ಪಹಣಿಯಲ್ಲಿ 2-10 ಎಂದು ಬರೆದರೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಇದು 2.25 ಎಕರೆ. ಎರಡು ಇಲಾಖೆಗಳ ನಡುವೆ ಒಪ್ಪಂದ ಸ್ಪಷ್ಟವಿಲ್ಲದೆ ಅದನ್ನು 2.10 ಎಂದೇ ಸಾಗಿಸಿದರೆ ನಡುದಾರಿಯಲ್ಲಿ ಆರು ಗುಂಟೆ ಮಾಯ! ಯಾರೂ ಒತ್ತುವರಿ ಮಾಡಿಲ್ಲ, ಬದು ಕಡಿದಿಲ್ಲ, ಬೆಳೆ ಪರಿಹಾರ ಮಾತ್ರ ಆರು ಗುಂಟೆಯಷ್ಟು ಕಡಿಮೆ. ದತ್ತಾಂಶ ಹಂಚಿಕೆಯಲ್ಲಿ ತಂತಿ, ಯಂತ್ರಗಳ ಕೆಲಸಕ್ಕಿಂತ ಇಂಥ ಪದಾರ್ಥ ನಿರ್ಣಯದ ಕೆಲಸವೇ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ರೈತರಿಗೆ ಒಂದು ಸಂಖ್ಯೆ ಕೊಟ್ಟು, ಅವರ ಪಹಣಿ, ಬ್ಯಾಂಕ್ ಖಾತೆ, ಆಧಾರಗಳನ್ನು ಅದರ ಕೆಳಗೆ ಜೋಡಿಸುವ 'ಫ್ರೂಟ್ಸ್' ಎಂಬ ಕರ್ನಾಟಕದ ಏರ್ಪಾಟು ಹುಟ್ಟಿದ್ದು ಈ ತೊಡಕನ್ನು ಬಿಡಿಸಲೆಂದೇ. ಪಹಣಿಯ ಸರ್ವೆ ನಂಬರುಗಳಲ್ಲಿ ಒಂದನ್ನು ಅದರಲ್ಲಿ ಸೇರಿಸದೆ ಬಿಟ್ಟರೆ ಆ ಹೊಲದ ಮಟ್ಟಿಗೆ ನೀವು ರೈತರೇ ಅಲ್ಲವೆಂದಾಗುತ್ತದೆ.

ಅಳಿಸುವುದು ಕೂಡಿಸುವುದಕ್ಕಿಂತ ಕಷ್ಟ. ತಿಂಗಳಿಗೊಮ್ಮೆ ಹೊಸ ಹೆಸರುಗಳ ಪಟ್ಟಿಯನ್ನು ಕಳಿಸುವ ಹಳೆಯ ಪದ್ಧತಿಯಲ್ಲಿ, ಹೋದವರ ಸುದ್ದಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಕಿರ್ದಿಯನ್ನೇ ಕಳಿಸುವ ಪದ್ಧತಿಯಲ್ಲಿ ಮಾತ್ರ ಅಳಿಸಿದ್ದೂ ಒಂದು ಸಾಲಾಗಿ ತಲುಪುತ್ತದೆ. ಲಿಂಗೈಕ್ಯರಾದವರ ಹೆಸರು ಒಂದು ವಹಿಯಿಂದ ಹೋಗಿ ಹತ್ತು ವಹಿಗಳಲ್ಲಿ ಉಳಿಯುವುದಕ್ಕೆ ಇದೊಂದು ಕಾರಣ. ಪಹಣಿಯ ಮಟ್ಟಿಗೆ ಕಾರಣ ಬೇರೆ. ಮರಣ ದಾಖಲಾದ ಮಾತ್ರಕ್ಕೆ ವಾರಸುದಾರರು ಯಾರೆಂಬುದು ತೀರ್ಮಾನವಾಗುವುದಿಲ್ಲ. ಅದಕ್ಕೆ ಪೌತಿ ಖಾತೆಯ ಅರ್ಜಿ, ವಂಶವೃಕ್ಷ ಬೇಕು. ಆ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆಯೆಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ. 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಗೆ ಹಕ್ಕುದಾರಳು. ಮೂಲದಲ್ಲಿ ಬರೆದ ಸುಳ್ಳನ್ನು ಯಂತ್ರ ಒಂದಕ್ಷರವೂ ತಪ್ಪದಂತೆ ಹತ್ತು ಇಲಾಖೆಗಳಿಗೆ ಮುಟ್ಟಿಸುತ್ತದೆ, ಅಷ್ಟೆ.

ಬ್ಯಾಂಕುಗಳ ವಿಷಯಕ್ಕೆ ಬಂದರೆ, ಹಳಬರಿಗೆ ಶಾಖೆಯಿಂದ ಶಾಖೆಗೆ ಹಣ ಕಳಿಸಿ ವಾರಗಟ್ಟಲೆ ಕಾದ ದಿನಗಳು ನೆನಪಿರಬಹುದು. ಪ್ರತಿ ಶಾಖೆಯದೂ ಸ್ವತಂತ್ರ ವಹಿ. ಶಾಖೆಗಳ ನಡುವಿನ ಲೆಕ್ಕ ಹೊಂದಿಸುವುದೇ ಒಂದು ದೊಡ್ಡ ಉದ್ಯೋಗವಾಗಿತ್ತು. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಗಳು 1984ರಲ್ಲಿಯೂ 1989ರಲ್ಲಿಯೂ ಕೊಟ್ಟ ವರದಿಗಳಿಂದ ಗಣಕೀಕರಣ ಆರಂಭವಾಗಿ, ಮುಂದೆ ಎಲ್ಲ ಶಾಖೆಗಳೂ ಒಂದೇ ಕೇಂದ್ರ ದತ್ತಸಂಚಯಕ್ಕೆ ಸೇರಿದವು. ಆಮೇಲೆ ಬ್ಯಾಂಕುಗಳೇ ಒಂದರಲ್ಲೊಂದು ಸೇರತೊಡಗಿದವು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕಾನೂನಿನಲ್ಲಿ ವಿಲೀನ ಒಂದು ದಿನದ ಮಾತು. ವಹಿಗಳ ವಿಲೀನ ಹಾಗಲ್ಲ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜೂನ್ 30ರವರೆಗೂ ನಡೆದವು. ಹಳೆಯದೂ ಹೊಸದೂ ಒಟ್ಟಿಗೆ ಓಡಿ, ಎರಡರ ತೇರೀಜು ತಾಳೆಯಾದ ಮೇಲೆಯೇ ಹಳೆಯದನ್ನು ಕಟ್ಟಿಡುವುದು ವಿವೇಕದ ಕ್ರಮ.

ನಮ್ಮ ಸಮಾಜದ ಪತ್ತಿನ ಸಹಕಾರ ಸಂಘಗಳ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯವರಿಗೆ ಇಲ್ಲಿ ಒಂದು ಮಾತು. ತಂತ್ರಾಂಶ ಮಾರುವವರು ಬಂದು, ನಿಮ್ಮ ಲೆಕ್ಕದ ಇನ್ನೊಂದು ಪ್ರತಿ ಸದಾ ಸಿದ್ಧವಾಗಿರುತ್ತದೆ ಎಂದಾಗ, ಆ ಪ್ರತಿ ಎಲ್ಲಿರುತ್ತದೆಂದು ಕೇಳಬೇಕು. ಅದೇ ಕೋಣೆಯ ಪಕ್ಕದ ಮೇಜಿನಲ್ಲಿರುವುದಾದರೆ ಬೆಂಕಿಗೆ ಎರಡೂ ಒಂದೇ. ಎರಡನೆಯದಾಗಿ, ಸದಾ ಹಿಂಬಾಲಿಸುವ ಪ್ರತಿ ಕಾಪಿಟ್ಟ ಪ್ರತಿಯಲ್ಲವೆಂಬುದನ್ನು ಮರೆಯಬಾರದು. ಗುಮಾಸ್ತರು ಕೈತಪ್ಪಿ ಸಾವಿರ ಖಾತೆಗಳನ್ನು ಅಳಿಸಿದರೆ, ಒಳ್ಳೆಯ ಪ್ರತಿಯಂತ್ರ ಅವನ್ನು ಮರುಕ್ಷಣದಲ್ಲಿ ತನ್ನಲ್ಲಿಯೂ ಅಳಿಸುತ್ತದೆ! 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯಲ್ಲಿ ಹಿಂದೆಬಿದ್ದ ನಕಲನ್ನು ಸರಿಪಡಿಸಲು ಹೊರಟ ತಜ್ಞರೊಬ್ಬರು ನಕಲೆಂದು ಭಾವಿಸಿ ಮೂಲವನ್ನೇ ಅಳಿಸತೊಡಗಿದರು. ಬೇರೆ ವಿಧಾನಗಳಲ್ಲಿ ಕಾಪಿಟ್ಟ ಪ್ರತಿಗಳನ್ನು ತೆರೆದು ನೋಡಿದರೆ ಅವು ಸರಿಯಾಗಿ ಆಗಿರಲೇ ಇಲ್ಲ. ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿದ್ದು ಅದೃಷ್ಟ. ಅಷ್ಟು ದೊಡ್ಡವರಿಗೇ ಹೀಗಾದಾಗ, ವರ್ಷಕ್ಕೆ ಎರಡು ಸಲವಾದರೂ ಕಾಪಿಟ್ಟ ಪ್ರತಿಯಿಂದ ಲೆಕ್ಕವನ್ನು ಮತ್ತೆ ಎಬ್ಬಿಸಿ ನೋಡುವ ಪರೀಕ್ಷೆಯನ್ನು ನಮ್ಮ ಸಂಘಗಳು ತಪ್ಪಿಸಕೂಡದು. ಠೇವಣಿದಾರರಲ್ಲಿ ಬಹುಪಾಲು ನಿವೃತ್ತ ಶಿಕ್ಷಕರು, ವಿಧವೆಯರು, ಸಣ್ಣ ವ್ಯಾಪಾರಿಗಳು ಎಂಬುದನ್ನು ನಿರ್ದೇಶಕರಿಗೆ ನಾವು ಹೇಳಬೇಕಾಗಿಲ್ಲ.

ಹಂಚಿಕೊಳ್ಳುವುದಕ್ಕೂ ಮಿತಿ ಉಂಟು. ಎಲ್ಲ ವಹಿಗಳೂ ಬೆಸೆದರೆ ಒಬ್ಬ ಮನುಷ್ಯನ ಹೊಲ, ಸಾಲ, ಕಾಯಿಲೆ, ಪಡಿತರ ಎಲ್ಲವೂ ಒಂದು ಗುಂಡಿ ಒತ್ತಿದರೆ ಯಾರಿಗಾದರೂ ಕಾಣುವಂತಾಗಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂದಿದೆ. ಯಾವ ಉದ್ದೇಶಕ್ಕೆ ಪಡೆದ ಮಾಹಿತಿಯೋ ಅದಕ್ಕೆ ಮಾತ್ರ ಬಳಸಬೇಕೆಂಬುದು ಅದರ ಮೂಲತತ್ತ್ವ. ವಧೂವರರ ಮಾಹಿತಿ ಕೇಂದ್ರಗಳನ್ನು ನಡೆಸುವ ನಮ್ಮ ಸಂಘಗಳೂ, ಸೇರಿಸಿಕೊಂಡ ವಿಳಾಸ ವರಮಾನಗಳನ್ನು ಇತರರಿಗೆ ಕೊಡುವ ಮುನ್ನ ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಪತ್ರ ಬರೆದವರಿಗೆ ಕೊನೆಯಲ್ಲಿ ಇಷ್ಟು ಸೂಚನೆ. ಹೊಲ ಕೊಂಡವರು ಕ್ರಯಪತ್ರದೊಂದಿಗೆ ನಿಲ್ಲದೆ ಋಣಭಾರ ಪತ್ರ, ಹಕ್ಕು ಬದಲಾವಣೆಯ ಪ್ರತಿ, ಪಹಣಿ ಈ ಮೂರನ್ನೂ ತೆಗೆಸಿ ಸರ್ವೆ ನಂಬರು, ಹಿಸ್ಸಾ, ಕ್ಷೇತ್ರ, ಹೆಸರುಗಳು ಅಕ್ಷರಶಃ ಒಂದೇ ಇವೆಯೇ ಎಂದು ನೋಡಬೇಕು. ಸಾಲ ತೀರಿಸಿದವರು ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು, ಹನ್ನೊಂದನೆಯ ಕಾಲಮು ಖಾಲಿಯಾಗುವವರೆಗೆ ಬಿಡಬಾರದು. ಹೆಸರಿನ ವ್ಯತ್ಯಾಸವಿದ್ದವರು ಮನೆಯ ಹಿರಿಯರು ಬದುಕಿರುವಾಗಲೇ ತಿದ್ದಿಸಿಕೊಳ್ಳುವುದು ಲೇಸು. ಆಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಓಡಾಟ. ಪೌತಿ ಖಾತೆಗೆ ಬೇಕಾದ ಕಾಗದಪತ್ರಗಳನ್ನು, ವಂಶವೃಕ್ಷ ಪಡೆಯುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇವೆ. ಈ ಬಗ್ಗೆ ಪ್ರಶ್ನೆಗಳಿದ್ದವರು ತಿಂಗಳ ಹತ್ತನೆಯ ತಾರೀಖಿನೊಳಗೆ ಬರೆದು ತಿಳಿಸಬೇಕಾಗಿ ಕೋರಿಕೆ.